ಎಕ್ಸ್‌ರೇ ಪದವಿಗೆ ಮಗಳನ್ನು ಕಳಿಸಬಹುದೇ? ಕಾಲೇಜಿಗಿಂತ ಮೊದಲು ಆಸ್ಪತ್ರೆಯನ್ನು ನೋಡಿ

ಓದುಗರ ಪ್ರಶ್ನೆ: ನಾವು ಶಿರಸಿ ತಾಲ್ಲೂಕಿನ ಹಳ್ಳಿಯವರು, ಸಣ್ಣ ಅಡಿಕೆ ತೋಟವೇ ಆಧಾರ. ಮಗಳು ಈ ವರ್ಷ ದ್ವಿತೀಯ ಪಿಯುಸಿ ವಿಜ್ಞಾನ ಮುಗಿಸಿದ್ದಾಳೆ. ನೀಟ್‌ನಲ್ಲಿ ವೈದ್ಯಕೀಯ ಸೀಟು ಸಿಗುವಷ್ಟು ಅಂಕ ಬಂದಿಲ್ಲ. ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ ಎಂಬ ಬಿ.ಎಸ್ಸಿ. ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಕಾರವಾರದಲ್ಲಿರುವ ನನ್ನ ಮೈದುನ, ‘ಕೈಗಾದ ಹೆಸರು ಕೇಳಿಯೇ ಹೆದರಿದ ಜಿಲ್ಲೆಯವರು ನಾವು, ಮನೆಯ ಹುಡುಗಿಯನ್ನೇ ವಿಕಿರಣದ ಕೋಣೆಗೆ ಕಳಿಸುವುದೇ’ ಎಂದು ಕೇಳಿದರು. ಮುಂದೆ ಮಕ್ಕಳಾಗುವುದಿಲ್ಲ, ಕೂದಲು ಉದುರುತ್ತದೆ ಎಂದು ಊರಿನವರೂ ಹೇಳುತ್ತಾರೆ. ಬಟನ್ ಒತ್ತುವ ಕೆಲಸಕ್ಕೆ ನಾಲ್ಕು ವರ್ಷ ಏಕೆ, ಡಿಪ್ಲೊಮಾ ಸಾಲದೇ ಎಂಬ ಮಾತೂ ಇದೆ. ಹೊರ ಜಿಲ್ಲೆಯ ಒಂದು ಕಾಲೇಜಿನವರು ದಿನಾ ಫೋನ್ ಮಾಡಿ, ಸೀಟು ಮುಗಿಯುತ್ತಿದೆ, ಮುಂಗಡ ಕಟ್ಟಿ ಎನ್ನುತ್ತಿದ್ದಾರೆ. ಮಗಳಿಗೆ ಭೌತಶಾಸ್ತ್ರ ಸ್ವಲ್ಪ ಕಷ್ಟ. ಒಂದು ವರ್ಷ ಬಿಟ್ಟು ಮತ್ತೆ ನೀಟ್ ಬರೆಸಲೇ? ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಹೆದರಿಕೆಗಳಿವೆ. ಒಂದು ಮಗಳ ಮೈಗೆ ಏನಾದೀತು ಎಂಬುದು. ಇನ್ನೊಂದು, ಕಷ್ಟಪಟ್ಟು ಕೂಡಿಸಿದ ಹಣ ಮತ್ತು ನಾಲ್ಕು ವರ್ಷ ನೀರಿನಲ್ಲಿ ಹೋಮವಾದೀತೇ ಎಂಬುದು. ಮೊದಲನೆಯದನ್ನು ಊರೆಲ್ಲ ಮಾತಾಡುತ್ತಿದೆ, ಎರಡನೆಯದನ್ನು ನೀವೊಬ್ಬರೇ ಹೊತ್ತಿದ್ದೀರಿ. ಎಕ್ಸ್‌ರೇ, ಸ್ಕ್ಯಾನಿಂಗ್ ನಡೆಯುವ ರೇಡಿಯಾಲಜಿ ವಿಭಾಗದಲ್ಲಿ ಬಹುಕಾಲ ದುಡಿದು, ವಿದ್ಯಾರ್ಥಿಗಳಿಗೆ ಕಲಿಸಿದವನಾಗಿ ನನ್ನ ತೀರ್ಮಾನವನ್ನು ಮೊದಲೇ ಹೇಳುತ್ತೇನೆ: ಈ ಓದಿನಲ್ಲಿ ವಿಕಿರಣವನ್ನು ನಿಯಮ ಪಾಲಿಸಿ ಹದ್ದಿನಲ್ಲಿಡಬಹುದು. ರೋಗಿಗಳೇ ಬರದ ಆಸ್ಪತ್ರೆಯಲ್ಲಿ ಕಳೆದ ನಾಲ್ಕು ವರ್ಷವನ್ನು ಯಾವ ನಿಯಮದಿಂದಲೂ ಸರಿಪಡಿಸಲಾಗದು.

ವಿಕಿರಣದ ಭಯ ಬುಡವಿಲ್ಲದ್ದಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. 1895ರಲ್ಲಿ ರಾಂಟ್ಜೆನ್ ಕ್ಷ-ಕಿರಣವನ್ನು ಕಂಡುಹಿಡಿದ ನಂತರದ ವರ್ಷಗಳಲ್ಲಿ ಅದರೊಂದಿಗೆ ಕೆಲಸ ಮಾಡಿದವರು, ಯಂತ್ರ ಸರಿಯಾಗಿದೆಯೇ ಎಂದು ನೋಡಲು ತಮ್ಮ ಕೈಯನ್ನೇ ಕಿರಣಕ್ಕೆ ಒಡ್ಡುತ್ತಿದ್ದರು. ಥಾಮಸ್ ಎಡಿಸನ್ನರ ಸಹಾಯಕ ಕ್ಲಾರೆನ್ಸ್ ಡಾಲಿ ಹೀಗೆ ಕೈಗಳನ್ನು ಕಳೆದುಕೊಂಡು, 1904ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಇಂಥವರ ನೆನಪಿಗೆ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1936ರಲ್ಲಿ ಸ್ಮಾರಕವನ್ನೇ ನಿಲ್ಲಿಸಿದ್ದಾರೆ. ಅವರು ತೆತ್ತ ಬೆಲೆಯಿಂದಲೇ ಇವತ್ತಿನ ಸೀಸದ ಗೋಡೆ, ಸೀಸದ ಏಪ್ರನ್, ಅಳತೆಯ ಪಟ್ಟಿ ಎಲ್ಲ ಹುಟ್ಟಿದವು. ನಿಮ್ಮ ಊರಿನವರ ಮಾತು ಆ ಕಾಲಕ್ಕೆ ನಿಜವಾಗಿತ್ತು.

ಕೈಗಾದ ಹೋಲಿಕೆ ಮಾತ್ರ ಇಲ್ಲಿಗೆ ಹೊಂದುವುದಿಲ್ಲ. ಅಣುಸ್ಥಾವರದಲ್ಲಿರುವುದು ತಾನಾಗಿಯೇ ವಿಕಿರಣ ಸೂಸುವ ವಸ್ತು. ಸ್ಥಾವರ ನಿಲ್ಲಿಸಿದರೂ ಅದು ಸೂಸುತ್ತಲೇ ಇರುತ್ತದೆ. ಆದ್ದರಿಂದ ಅದರ ಬಗೆಗಿನ ಚರ್ಚೆಯೇ ಬೇರೆ. ಎಕ್ಸ್‌ರೇ ಯಂತ್ರದಲ್ಲಿ ಅಂಥ ವಸ್ತು ಯಾವುದೂ ಇಲ್ಲ. ನಿರ್ವಾತದ ಕೊಳವೆಯೊಳಗೆ ಇಲೆಕ್ಟ್ರಾನುಗಳು ವೇಗವಾಗಿ ಹೋಗಿ ಲೋಹದ ಗುರಿಗೆ ಬಡಿದಾಗ ಕಿರಣ ಹುಟ್ಟುತ್ತದೆ. ವಿದ್ಯುತ್ ನಿಂತ ಕ್ಷಣ ಕಿರಣವೂ ನಿಲ್ಲುತ್ತದೆ. ಕೋಣೆಯ ಗಾಳಿಯಲ್ಲಾಗಲಿ, ಗೋಡೆಯಲ್ಲಾಗಲಿ, ರೋಗಿಯ ಬಟ್ಟೆಯಲ್ಲಾಗಲಿ ಏನೂ ಉಳಿಯುವುದಿಲ್ಲ. ಎಂಆರ್‌ಐ ಮತ್ತು ಅಲ್ಟ್ರಾಸೌಂಡ್ ಯಂತ್ರಗಳಲ್ಲಂತೂ ಈ ಬಗೆಯ ಕಿರಣವೇ ಇಲ್ಲ. ಒಂದು ಕಾಂತಕ್ಷೇತ್ರ ಮತ್ತು ರೇಡಿಯೊ ತರಂಗಗಳಿಂದ, ಇನ್ನೊಂದು ಶಬ್ದತರಂಗಗಳಿಂದ ಕೆಲಸ ಮಾಡುತ್ತದೆ. ವಿಕಿರಣ ಸೂಸುವ ವಸ್ತುಗಳನ್ನು ಬಳಸುವುದು ನ್ಯೂಕ್ಲಿಯರ್ ಮೆಡಿಸಿನ್ ಮತ್ತು ಕ್ಯಾನ್ಸರ್ ಚಿಕಿತ್ಸೆಯ ಕೆಲವು ವಿಧಾನಗಳಲ್ಲಿ. ಅವುಗಳಿಗೆ ಪ್ರತ್ಯೇಕ ತರಬೇತಿ, ಪ್ರತ್ಯೇಕ ನಿಯಮಗಳಿವೆ.

ಈಗ ಅಂಕಿಗಳನ್ನು ನೋಡೋಣ, ಏಕೆಂದರೆ ಧೈರ್ಯದ ಮಾತಿಗಿಂತ ಲೆಕ್ಕ ಹೆಚ್ಚು ನೆಮ್ಮದಿ ಕೊಡುತ್ತದೆ. ಮೈಗೆ ತಾಗಿದ ವಿಕಿರಣವನ್ನು ಮಿಲಿಸೀವರ್ಟ್‌ನಲ್ಲಿ ಅಳೆಯುತ್ತಾರೆ. ಮಣ್ಣು, ಬಂಡೆ, ಆಕಾಶ, ಆಹಾರ ಇವುಗಳಿಂದ ಪ್ರತಿಯೊಬ್ಬ ಮನುಷ್ಯನಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬಂದೇ ಬರುತ್ತದೆ. ಭಾರತದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ಈ ವೃತ್ತಿಯವರಿಗೆ ಹಾಕಿರುವ ಮಿತಿ, ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20. ಯಾವುದೇ ಒಂದು ವರ್ಷದಲ್ಲಿ 30ನ್ನು ದಾಟುವಂತಿಲ್ಲ. ಎಕ್ಸ್‌ರೇ, ಸಿಟಿ ವಿಭಾಗದಲ್ಲಿ ನಿಯಮದಂತೆ ಕೆಲಸ ಮಾಡುವ ಬಹುಪಾಲು ರೇಡಿಯೋಗ್ರಾಫರ್‌ಗಳ, ಅಂದರೆ ಚಿತ್ರ ತೆಗೆಯುವ ತಂತ್ರಜ್ಞರ, ವರ್ಷದ ಲೆಕ್ಕ 1 ಮಿಲಿಸೀವರ್ಟ್‌ನ ಒಳಗೇ ಇರುತ್ತದೆ. ಹೊಟ್ಟೆಯ ಒಂದು ಸಿಟಿ ಸ್ಕ್ಯಾನ್ ಮಾಡಿಸಿಕೊಂಡ ರೋಗಿಗೆ ಸುಮಾರು 8ರಿಂದ 10 ಬರುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಮಕ್ಕಳಾಗುವುದಿಲ್ಲ ಎಂಬ ಮಾತಿಗೆ ಉತ್ತರ ಇಲ್ಲಿಯೇ ಇದೆ. ಅಂಡಾಶಯ ಶಾಶ್ವತವಾಗಿ ಕೆಲಸ ನಿಲ್ಲಿಸಬೇಕಾದರೆ ಒಮ್ಮೆಗೇ 2,500 ಮಿಲಿಗ್ರೇ ಅಥವಾ ಅದಕ್ಕೂ ಹೆಚ್ಚು ವಿಕಿರಣ ತಾಗಬೇಕು. ಎಕ್ಸ್‌ರೇಯ ಮಟ್ಟಿಗೆ ಮಿಲಿಗ್ರೇ, ಮಿಲಿಸೀವರ್ಟ್ ಎರಡರ ಅಂಕಿಯೂ ಒಂದೇ ಎಂದುಕೊಳ್ಳಬಹುದು. ಕೂದಲು ಉದುರಲು ಅದಕ್ಕಿಂತಲೂ ಹೆಚ್ಚು ಬೇಕು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೂದಲು ಉದುರಿದವರನ್ನು ಕಂಡ ಜನ ಎಕ್ಸ್‌ರೇ ಕೆಲಸಕ್ಕೂ ಅದನ್ನೇ ಅಂಟಿಸಿದ್ದಾರೆ. ಈ ವಿಭಾಗಗಳಲ್ಲಿ ದುಡಿಯುತ್ತಲೇ ಮದುವೆಯಾಗಿ, ಆರೋಗ್ಯವಂತ ಮಕ್ಕಳನ್ನು ಹೆತ್ತು, ಮತ್ತೆ ಅದೇ ಕೆಲಸಕ್ಕೆ ಮರಳಿದ ಅನೇಕ ಹೆಣ್ಣುಮಕ್ಕಳು ನನ್ನ ಸಹೋದ್ಯೋಗಿಗಳಾಗಿದ್ದರು. ಗರ್ಭಿಣಿ ಎಂದು ತಿಳಿಸಿದ ಮೇಲೆ ಉಳಿದ ತಿಂಗಳುಗಳಲ್ಲಿ ಭ್ರೂಣಕ್ಕೆ 1 ಮಿಲಿಸೀವರ್ಟ್‌ಗಿಂತ ಹೆಚ್ಚು ತಾಗದಂತೆ ಕೆಲಸ ಹಂಚಬೇಕು ಎಂಬ ನಿಯಮವಿದೆ. ಆ ಅವಧಿಯಲ್ಲಿ ಎಂಆರ್‌ಐ ನಿಯಂತ್ರಣ ಕೊಠಡಿಗೋ ಚಿತ್ರ ಸಂಗ್ರಹದ ಕೆಲಸಕ್ಕೋ ಬದಲಾಯಿಸುವುದು ರೂಢಿ. ಹುಡುಗಿಯ ಮದುವೆಯ ಮಾತುಕತೆಯಲ್ಲಿ ಯಾರಾದರೂ ಇದನ್ನೇ ಎತ್ತಿ ಆಡಿದರೆ ಈ ಅಂಕಿಗಳನ್ನೇ ಅವರ ಮುಂದಿಡಿ.

ಹಾಗೆಂದು ಅಪಾಯ ಸೊನ್ನೆ ಎಂದು ನಾನು ಬರೆಯುವುದಿಲ್ಲ. ಅಲ್ಪ ಪ್ರಮಾಣವೂ ಕ್ಯಾನ್ಸರ್ ಸಾಧ್ಯತೆಯನ್ನು ಕೂದಲೆಳೆಯಷ್ಟು ಹೆಚ್ಚಿಸಬಹುದು ಎಂದು ಭಾವಿಸಿಯೇ ನಿಯಮಗಳನ್ನು ಮಾಡಿದ್ದಾರೆ. ಅದಕ್ಕೇ ಸಾಧ್ಯವಾದಷ್ಟು ಕಡಿಮೆ ಎಂಬುದು ಈ ವೃತ್ತಿಯ ಮೊದಲ ಪಾಠ. ತೊಂದರೆ ಬರುವುದು ಶಿಸ್ತು ಸಡಿಲವಾದ ಕಡೆ: ಬಾಗಿಲು ತೆರೆದಿಟ್ಟೇ ಎಕ್ಸ್‌ರೇ ತೆಗೆಯುವ ಸಣ್ಣ ಕೇಂದ್ರಗಳಲ್ಲಿ, ಅಳುವ ಮಗುವನ್ನು ದಿನವೂ ಸಿಬ್ಬಂದಿಯೇ ಹಿಡಿದುಕೊಳ್ಳುವಲ್ಲಿ, ಮೂಳೆ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ, ಶಸ್ತ್ರಚಿಕಿತ್ಸೆಯ ನಡುವೆಯೇ ಎಕ್ಸ್‌ರೇ ಚಿತ್ರ ತೋರಿಸುವ ಸಿ-ಆರ್ಮ್ ಯಂತ್ರದ ಕೊಳವೆಯ ಕಡೆಗೇ ನಿಲ್ಲುವಲ್ಲಿ. ದೂರ ಎರಡು ಪಟ್ಟಾದರೆ ಕಿರಣದ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಇದನ್ನು ಬಲ್ಲವಳು ವಾರ್ಡಿನಲ್ಲಿ ಪೋರ್ಟಬಲ್ ಯಂತ್ರ ಬಳಸುವಾಗ ತಂತಿ ಬಿಟ್ಟಷ್ಟು ದೂರ ಸರಿದೇ ನಿಲ್ಲುತ್ತಾಳೆ. ಎದೆಯ ಮಟ್ಟದಲ್ಲಿ, ಏಪ್ರನ್‌ನ ಒಳಗೆ ಧರಿಸುವ ಟಿಎಲ್‌ಡಿ ಬ್ಯಾಡ್ಜ್ ಎಂಬ ಪುಟ್ಟ ಪಟ್ಟಿ ಇದೆ. ಮೂರು ತಿಂಗಳಿಗೊಮ್ಮೆ ಅದನ್ನು ಪ್ರಯೋಗಾಲಯಕ್ಕೆ ಕಳಿಸಿ, ಧರಿಸಿದವರಿಗೆ ಎಷ್ಟು ತಾಗಿದೆ ಎಂದು ಓದಿಸುತ್ತಾರೆ. ಬ್ಯಾಡ್ಜ್ ಕಿರಣವನ್ನು ತಡೆಯುವುದಿಲ್ಲ, ಲೆಕ್ಕ ಇಡುತ್ತದೆ ಅಷ್ಟೇ. ವಿದ್ಯಾರ್ಥಿಗಳಿಗೂ ಅವರವರ ಹೆಸರಿನ ಬ್ಯಾಡ್ಜ್ ಕೊಡುತ್ತೀರಾ ಎಂದು ಕಾಲೇಜಿನವರನ್ನು ಕೇಳಿ. ಆ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲೇ ಆ ವಿಭಾಗದ ಶಿಸ್ತು ಗೊತ್ತಾಗುತ್ತದೆ.

ಇನ್ನು ‘ಬಟನ್ ಒತ್ತುವ ಕೆಲಸ’. ನಿಮ್ಮ ಕಡೆಯ ಉದಾಹರಣೆಯನ್ನೇ ಹೇಳುತ್ತೇನೆ. ಕೊನೆಕೊಯ್ಲಿನ ಕಾಲದಲ್ಲಿ ಅಡಿಕೆ ಮರದಿಂದ ಬಿದ್ದ ಕೊನೆಗೌಡನನ್ನು, ಅಂದರೆ ಮರ ಹತ್ತಿ ಕೊನೆ ಇಳಿಸುವವನನ್ನು, ಆಸ್ಪತ್ರೆಗೆ ತರುತ್ತಾರೆ. ಕುತ್ತಿಗೆ ನೋವು ಎನ್ನುತ್ತಾನೆ. ಅವನನ್ನು ಮಗ್ಗುಲಿಗೆ ಹೊರಳಿಸಿ ಚಿತ್ರ ತೆಗೆಯುವಂತಿಲ್ಲ. ಮುರಿದ ಕಶೇರು, ಅಂದರೆ ಬೆನ್ನೆಲುಬಿನ ಮಣಿ, ಜರುಗಿದರೆ ಬೆನ್ನುಹುರಿ ಘಾಸಿಯಾಗಿ ಕೈಕಾಲು ಶಾಶ್ವತವಾಗಿ ಬಿದ್ದುಹೋಗಬಹುದು. ಅವನು ಮಲಗಿದಂತೆಯೇ ಇರಬೇಕು, ಯಂತ್ರ ತಿರುಗಬೇಕು. ಕಿರಣವನ್ನು ನೆಲಕ್ಕೆ ಸಮಾಂತರವಾಗಿ ಬಿಡಬೇಕು. ಹಾಗೆ ಮಾಡಿದರೂ ಭುಜಗಳ ನೆರಳು ಅಡ್ಡ ಬಂದು ಕುತ್ತಿಗೆಯ ಏಳನೆಯ ಕಶೇರು ಕಾಣದೆ ಹೋಗುತ್ತದೆ. ಗಾಯ ಅಡಗಿರುವುದು ಹಲವು ಬಾರಿ ಆ ಜಾಗದಲ್ಲೇ. ಭುಜಗಳನ್ನು ಕೆಳಗೆ ತರುವುದು ಹೇಗೆ, ಅದು ಸಾಧ್ಯವಾಗದಿದ್ದರೆ ಯಾವ ಬದಲಿ ಭಂಗಿ, ಇಲ್ಲಿಗೆ ನಿಲ್ಲಿಸಿ ಸಿಟಿಗೆ ಕಳಿಸಿ ಎಂದು ವೈದ್ಯರಿಗೆ ಯಾವಾಗ ಹೇಳಬೇಕು ಎಂಬುದನ್ನೆಲ್ಲ ಆ ರಾತ್ರಿ ಪಾಳಿಯಲ್ಲಿರುವ ರೇಡಿಯೋಗ್ರಾಫರ್ ನಿಂತಲ್ಲೇ ನಿರ್ಧರಿಸಬೇಕು. ಏಳನೆಯ ಕಶೇರು ಬಾರದ ಚಿತ್ರ ನೋಡಿ ‘ಏನೂ ಆಗಿಲ್ಲ’ ಎಂದು ಮನೆಗೆ ಕಳಿಸಿದರೆ ಆ ಕುಟುಂಬದ ಗತಿ ಏನಾದೀತು, ನೀವೇ ಊಹಿಸಿ. ರಾಷ್ಟ್ರೀಯ ಹೆದ್ದಾರಿ 66ರ ಅಪಘಾತಗಳಲ್ಲೂ ಇದೇ ಕಥೆ.

ಎಂಆರ್‌ಐ ಕೋಣೆಯ ಹೊಣೆ ಇನ್ನೊಂದು ಬಗೆಯದು. ಅಲ್ಲಿ ವಿಕಿರಣವಿಲ್ಲ, ಆದರೆ ಕಾಂತ ಹಗಲು ರಾತ್ರಿ ಚಾಲ್ತಿಯಲ್ಲೇ ಇರುತ್ತದೆ. 2018ರಲ್ಲಿ ಮುಂಬೈಯ ಒಂದು ಆಸ್ಪತ್ರೆಯಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಒಳಹೋದ ರೋಗಿಯ ಸಂಬಂಧಿಯನ್ನು ಯಂತ್ರ ಸಿಲಿಂಡರ್ ಸಮೇತ ಸೆಳೆದು, ಅವರು ಪ್ರಾಣ ಕಳೆದುಕೊಂಡರು. ಆ ಬಾಗಿಲನ್ನು ಕಾಯುವುದು, ಯಾರ ಎದೆಯಲ್ಲಿ ಪೇಸ್‌ಮೇಕರ್ ಇದೆ ಎಂದು ಕೇಳುವುದು, ಸಿಟಿಯಲ್ಲಿ ಚಿತ್ರ ಸ್ಪಷ್ಟವಾಗಲೆಂದು ಕಾಂಟ್ರಾಸ್ಟ್ ಔಷಧ ಕೊಡುವ ಮುನ್ನ ಮೂತ್ರಪಿಂಡದ ವರದಿ ನೋಡುವುದು, ಇವೆಲ್ಲ ಮಗಳ ಕೆಲಸವಾಗುತ್ತವೆ.

ಹಾಗಾಗಿಯೇ ಭೌತಶಾಸ್ತ್ರದ ಬಗ್ಗೆ ನೀವು ಬರೆದ ಸಾಲು ನನಗೆ ಮುಖ್ಯವೆನಿಸಿತು. ಮೊದಲ ವರ್ಷ ಅಂಗರಚನೆ, ಶರೀರಕ್ರಿಯೆ, ಜೀವರಸಾಯನ, ರೋಗಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರಗಳಲ್ಲಿ ಕಳೆಯುತ್ತದೆ, ಜೀವಶಾಸ್ತ್ರ ಇಷ್ಟಪಡುವವರಿಗೆ ಕಷ್ಟವಲ್ಲ. ಆಮೇಲೆ ವಿಕಿರಣ ಭೌತಶಾಸ್ತ್ರ ಬರುತ್ತದೆ ಮತ್ತು ಕೊನೆಯವರೆಗೂ ಬಿಡುವುದಿಲ್ಲ. ಕೊಳವೆಯ ವೋಲ್ಟೇಜ್ ಹೆಚ್ಚಿಸಿದರೆ ಕಿರಣದ ಭೇದಕ ಶಕ್ತಿ ಏಕೆ ಹೆಚ್ಚುತ್ತದೆ, ಚದುರಿದ ಕಿರಣ ಚಿತ್ರವನ್ನು ಏಕೆ ಮಸುಕಾಗಿಸುತ್ತದೆ, ಎದೆಯ ಚಿತ್ರವನ್ನು ಆರು ಅಡಿ ದೂರದಿಂದ ಏಕೆ ತೆಗೆಯಬೇಕು ಎಂದು ಅರ್ಥವಾಗದವರು ಯಂತ್ರದ ಮೇಲೆ ಬರೆದಿಟ್ಟ ಅಂಕಿಗಳನ್ನೇ ನಂಬಿ ಬದುಕಬೇಕಾಗುತ್ತದೆ. ಆದರೆ ಪಿಯುಸಿಯಲ್ಲಿ ಸೂತ್ರ ಬಾಯಿಪಾಠ ಮಾಡುವಾಗ ತಿಣುಕಿದ ಮಕ್ಕಳು ಯಂತ್ರದ ಮುಂದೆ ನಿಂತಾಗ ಅದೇ ವಿಷಯವನ್ನು ಪ್ರೀತಿಯಿಂದ ಕಲಿತದ್ದನ್ನು ತುಂಬ ಸಲ ಕಂಡಿದ್ದೇನೆ. ಅವಳಿಗೆ ಕಷ್ಟವೋ, ಬೇಸರವೋ, ಕೂತು ಕೇಳಿ. ಕಷ್ಟವಾದರೆ ದಾರಿಯಿದೆ. ಬೇಸರವಾದರೆ ಈ ಓದು ಬೇಡ.

ಪದವಿಯ ಸ್ವರೂಪ ಹೀಗಿದೆ. ರಾಜ್ಯದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಿವೆ, ಮಣಿಪಾಲ, ಮಂಗಳೂರು, ಧಾರವಾಡ, ಬೆಳಗಾವಿಗಳಲ್ಲಿ ಸ್ವಂತ ಪರೀಕ್ಷೆ ನಡೆಸುವ ಡೀಮ್ಡ್ ಮತ್ತು ಖಾಸಗಿ ವಿಶ್ವವಿದ್ಯಾಲಯಗಳೂ ಇವೆ. ಸಾಮಾನ್ಯವಾಗಿ ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಎರಡು ಬಗೆಯ ಸಂಸ್ಥೆಗಳ ಶುಲ್ಕದ ನಡುವೆ ಭಾರಿ ಅಂತರವಿದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಸರ್ಕಾರಿ ಸೀಟಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರಕಟಣೆಗಳ ಮೇಲೆ ಕಣ್ಣಿಡಿ. 2021ರಲ್ಲಿ ಸಂಸತ್ತು ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗ ರಚಿಸುವ ಕಾಯ್ದೆ ಮಾಡಿತು. ಈ ವೃತ್ತಿಯೂ ಅದರಡಿ ಬರುತ್ತದೆ. ನೋಂದಣಿ, ಏಕರೂಪದ ಪಠ್ಯಕ್ರಮ ಎಲ್ಲ ಅದರ ಮೂಲಕ ಬಿಗಿಯಾಗುತ್ತಿವೆ. ದೂರಶಿಕ್ಷಣದ ಪದವಿಯನ್ನು ಯಾರಾದರೂ ತೋರಿಸಿದರೆ ಅತ್ತ ತಿರುಗಿಯೂ ನೋಡಬೇಡಿ. ಈ ಕಾಯ್ದೆಯ ವ್ಯಾಪ್ತಿಯ ಕೋರ್ಸುಗಳನ್ನು ದೂರಶಿಕ್ಷಣದಲ್ಲಿ ನಡೆಸುವುದನ್ನು ಯುಜಿಸಿ 2025ರಲ್ಲಿ ನಿಲ್ಲಿಸಿದೆ.

ಇನ್ನು ಫೋನ್ ಮಾಡುತ್ತಿರುವ ಕಾಲೇಜಿನ ವಿಷಯ. ಮುಂಗಡ ಕಟ್ಟುವ ಮೊದಲು ಮಗಳೊಂದಿಗೆ ಬಸ್ ಹತ್ತಿ ಅಲ್ಲಿಗೆ ಹೋಗಿ. ಕಟ್ಟಡ, ಹಾಸ್ಟೆಲ್, ಪ್ರಯೋಗಾಲಯವನ್ನು ಅವರೇ ತೋರಿಸುತ್ತಾರೆ. ನೀವು ಕೇಳಬೇಕಾದದ್ದು ಆಸ್ಪತ್ರೆಯನ್ನು. ಅದು ಕಾಲೇಜಿನದೇ ಆಸ್ಪತ್ರೆಯೋ, ಒಪ್ಪಂದ ಮಾಡಿಕೊಂಡ ಯಾವುದೋ ಡಯಾಗ್ನೋಸ್ಟಿಕ್ ಕೇಂದ್ರವೋ? ಬೆಳಿಗ್ಗೆ ಹತ್ತರ ಹೊತ್ತಿಗೆ ಎಕ್ಸ್‌ರೇ ವಿಭಾಗದ ಹೊರಗೆ ಅರ್ಧ ಗಂಟೆ ಕುಳಿತುಕೊಳ್ಳಿ. ಬೆಂಚು ತುಂಬಿದೆಯೇ? ಸಿಟಿ, ಎಂಆರ್‌ಐ, ಸಿ-ಆರ್ಮ್, ಮ್ಯಾಮೊಗ್ರಫಿ ಇವೆಯೇ, ಇದ್ದರೆ ನಡೆಯುತ್ತಿವೆಯೇ? ರಾತ್ರಿ ಅಪಘಾತದ ಪ್ರಕರಣಗಳು ಬರುತ್ತವೆಯೇ? ಪೂರ್ಣಾವಧಿಯ ರೇಡಿಯಾಲಜಿಸ್ಟ್ ಇದ್ದಾರೆಯೇ? ಒಂದು ತಂಡದಲ್ಲಿ ಎಷ್ಟು ವಿದ್ಯಾರ್ಥಿಗಳು? ಮೂರನೆಯ ವರ್ಷದ ಒಬ್ಬಳು ಹುಡುಗಿಯನ್ನು ಪಕ್ಕಕ್ಕೆ ಕರೆದು ‘ನೀನು ಸ್ವಂತವಾಗಿ ಸಿಟಿ ಮಾಡುತ್ತೀಯಾ, ನಿಂತು ನೋಡುತ್ತೀಯಾ’ ಎಂದು ಕೇಳಿ. ಈ ವರ್ಷದ ವಿಶ್ವವಿದ್ಯಾಲಯದ ಮಾನ್ಯತೆ ಪತ್ರವನ್ನು ಕಣ್ಣಾರೆ ನೋಡಿ. ಕಳೆದ ವರ್ಷದ್ದು ಸಾಲದು. ಇಷ್ಟಕ್ಕೆ ಅಡ್ಡಿಪಡಿಸುವ ಕಾಲೇಜಿಗೆ ನಿಮ್ಮ ಮಗಳನ್ನು ಕಳಿಸಬಾರದು. ಪುಸ್ತಕದಲ್ಲಿ ಹೊಟ್ಟೆಯ ಸಿಟಿ ಓದಿ, ಇಂಟರ್ನ್‌ಶಿಪ್‌ನಲ್ಲಿ ಕೈಕಾಲಿನ ಎಕ್ಸ್‌ರೇ ಮಾತ್ರ ತೆಗೆದು ಬಂದ ಪದವೀಧರರು ಕೆಲಸದ ಸಂದರ್ಶನದಲ್ಲಿ ತಲೆ ತಗ್ಗಿಸಿ ಕುಳಿತದ್ದನ್ನು ನೋಡಿ ನಾನು ಬಹಳ ನೊಂದಿದ್ದೇನೆ. ಅದು ಆ ಮಕ್ಕಳ ತಪ್ಪಾಗಿರಲಿಲ್ಲ.

ಡಿಪ್ಲೊಮಾ ಕೀಳಲ್ಲ. ರಾಜ್ಯದ ಪ್ಯಾರಾಮೆಡಿಕಲ್ ಮಂಡಳಿಯ ಡಿಪ್ಲೊಮಾ ಮುಗಿಸಿದವರೇ ಎಷ್ಟೋ ತಾಲ್ಲೂಕು ಆಸ್ಪತ್ರೆಗಳನ್ನು ನಡೆಸುತ್ತಿದ್ದಾರೆ. ಖರ್ಚು ಕಡಿಮೆ, ಬೇಗ ಸಂಪಾದನೆ. ಸರ್ಕಾರಿ ಹುದ್ದೆಗಳ ಅಧಿಸೂಚನೆಯಲ್ಲಿ ಡಿಪ್ಲೊಮಾವನ್ನೇ ಕೇಳುವುದೂ ಉಂಟು. ಆದ್ದರಿಂದ ಸರ್ಕಾರಿ ನೌಕರಿಯೇ ಗುರಿಯಾದರೆ ಹಳೆಯ ಅಧಿಸೂಚನೆಗಳನ್ನು ಹುಡುಕಿ ವಿದ್ಯಾರ್ಹತೆಯ ಸಾಲನ್ನು ಓದಿಕೊಳ್ಳಿ. ಡಿಪ್ಲೊಮಾದ ಮಿತಿ ಮುಂದೆ ಕಾಣುತ್ತದೆ: ಎಂ.ಎಸ್ಸಿ., ಕಾಲೇಜಿನ ಬೋಧನೆ, ದೊಡ್ಡ ಆಸ್ಪತ್ರೆಯ ಮೇಲ್ವಿಚಾರಕ ಹುದ್ದೆ, ಯಂತ್ರ ತಯಾರಿಸುವ ಕಂಪನಿಗಳ ತರಬೇತಿ ವಿಭಾಗ ಇವೆಲ್ಲಕ್ಕೂ ಪದವಿ ಬೇಕು. ಹೊರದೇಶದ ಆಸೆಯಿದ್ದರೂ ಅಷ್ಟೇ. ಭಟ್ಕಳ, ಹೊನ್ನಾವರದ ಕಡೆಯಿಂದ ಕೊಲ್ಲಿಗೆ ಹೋದವರನ್ನು ಕೇಳಿ ನೋಡಿ, ಪ್ರಮಾಣಪತ್ರಗಳ ಮೂಲ ಪರಿಶೀಲನೆ, ಪರವಾನಗಿ ಪರೀಕ್ಷೆ, ಓದಿನ ನಂತರದ ಅನುಭವ ಎಲ್ಲವನ್ನೂ ಕೇಳುತ್ತಾರೆ. ನನ್ನ ಸಲಹೆ: ರೋಗಿಗಳಿಂದ ತುಂಬಿದ ಆಸ್ಪತ್ರೆಯ ಪದವಿ ಸಿಕ್ಕರೆ ಪದವಿ. ಸಿಗದಿದ್ದರೆ ಖಾಲಿ ಆಸ್ಪತ್ರೆಯ ಪದವಿಗಿಂತ, ದೊಡ್ಡ ಸರ್ಕಾರಿ ವೈದ್ಯಕೀಯ ಕಾಲೇಜೊಂದರ ಡಿಪ್ಲೊಮಾ ಮೇಲು.

ಒಂದು ತಪ್ಪು ಕಲ್ಪನೆಯನ್ನು ಈಗಲೇ ಬಿಡಿಸಬೇಕು. ಈ ಪದವಿ ಪಡೆದವರು ರೇಡಿಯಾಲಜಿಸ್ಟ್ ಅಲ್ಲ. ರೇಡಿಯಾಲಜಿಸ್ಟ್ ಎಂದರೆ ಎಂಬಿಬಿಎಸ್ ನಂತರ ಆ ವಿಷಯದಲ್ಲಿ ತಜ್ಞತೆ ಪಡೆದ ವೈದ್ಯರು. ವರದಿ ಬರೆಯುವ ಅಧಿಕಾರ ಅವರದು. ಬಸುರಿಯರ ಸ್ಕ್ಯಾನಿಂಗ್ ಕೂಡ ಮಗಳು ಮಾಡುವಂತಿಲ್ಲ. 1994ರ ಲಿಂಗಪತ್ತೆ ನಿಷೇಧ ಕಾಯ್ದೆಯಡಿ ಅದು ಅರ್ಹ, ನೋಂದಾಯಿತ ವೈದ್ಯರಿಗೆ ಮಾತ್ರ ಸೀಮಿತ. ಹಳ್ಳಿಯಲ್ಲಿ ಸ್ವಂತ ಸ್ಕ್ಯಾನಿಂಗ್ ಕೇಂದ್ರ ತೆರೆಯಬಹುದು ಎಂದು ಯಾರಾದರೂ ಆಸೆ ಹುಟ್ಟಿಸಿದ್ದರೆ ಅದನ್ನು ಬಿಟ್ಟುಬಿಡಿ.

ಕೃತಕ ಬುದ್ಧಿಮತ್ತೆ ಈ ಕೆಲಸವನ್ನು ನುಂಗುತ್ತದೆಯೇ ಎಂದು ಈಗ ಎಲ್ಲರೂ ಕೇಳುತ್ತಾರೆ, ನಿಮ್ಮ ಮಗಳೂ ಕೇಳಿಯಾಳು. ಎದೆಯ ಎಕ್ಸ್‌ರೇಯಲ್ಲಿ ಕ್ಷಯದ ಗುರುತು ಹುಡುಕಲು ಇಂಥ ತಂತ್ರಾಂಶವನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಒಪ್ಪಿದೆ. ತಂತ್ರಾಂಶ ಚಿತ್ರವನ್ನು ಓದುತ್ತದೆ ನಿಜ, ಆದರೆ ಕುತ್ತಿಗೆ ಮುರಿದವನನ್ನು ಮೇಜಿನ ಮೇಲೆ ಮಲಗಿಸುವುದು ಅದರಿಂದಾಗದು. ಈ ಭಯಕ್ಕೆ ಓದು ಕೈಬಿಡಬೇಕಾಗಿಲ್ಲ.

ಊರ ಹತ್ತಿರದ ಕೆಲಸದ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಶಿರಸಿ, ಕುಮಟಾ, ಹೊನ್ನಾವರಗಳಲ್ಲಿ ಆಸ್ಪತ್ರೆಗಳೂ ಖಾಸಗಿ ಕೇಂದ್ರಗಳೂ ಇವೆ. ಆದರೂ ಗಂಭೀರ ರೋಗಿಗಳು ಇವತ್ತಿಗೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾದ ದಾರಿ ಹಿಡಿಯುತ್ತಾರೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜಿಲ್ಲೆಯ ಜನ ವರ್ಷಗಳಿಂದ ಕೂಗಿ ಕೇಳುತ್ತಿರುವುದು ಇದಕ್ಕೇ. ರೋಗಿಗಳು ಹೋದಲ್ಲಿಗೇ ದೊಡ್ಡ ಯಂತ್ರಗಳೂ ಹೋಗುತ್ತವೆ, ಕೆಲಸಗಳೂ ಹೋಗುತ್ತವೆ. ಮೊದಲ ಕೆಲವು ವರ್ಷ ಮಗಳು ಹೊರ ಊರಿನಲ್ಲೇ ದುಡಿಯಬೇಕಾದೀತು, ಆರಂಭದ ಸಂಬಳವೂ ದೊಡ್ಡದಿರುವುದಿಲ್ಲ, ರಾತ್ರಿ ಪಾಳಿ ತಪ್ಪುವುದಿಲ್ಲ. ಸಿಟಿ, ಎಂಆರ್‌ಐಗಳಲ್ಲಿ ಕೈ ಪಳಗಿದ ಮೇಲೆ ಪರಿಸ್ಥಿತಿ ಸುಧಾರಿಸುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿದೇ ಸಾಲದ ಮೊತ್ತ ನಿರ್ಧರಿಸಿ. ತೋಟ ಅಡವಿಟ್ಟು ಡೀಮ್ಡ್ ವಿಶ್ವವಿದ್ಯಾಲಯದ ಶುಲ್ಕ ಕಟ್ಟುವಷ್ಟು ಬೇಗ ಈ ವೃತ್ತಿ ಹಣ ಮರಳಿಸುವುದಿಲ್ಲ.

ಕೊನೆಯದು ನೀಟ್. ಈ ಪದವಿ ಓದಿದರೆ ಮುಂದೆ ಎಂಬಿಬಿಎಸ್‌ಗೆ ಅಡ್ಡದಾರಿ ಸಿಗುತ್ತದೆ ಎಂಬುದು ಸುಳ್ಳು, ಅಂಥ ದಾರಿಯೇ ಇಲ್ಲ. ಅವಳ ಮನಸ್ಸು ನಿಜವಾಗಿ ವೈದ್ಯೆಯಾಗುವುದರಲ್ಲೇ ಇದ್ದು, ಅಂಕ ಸ್ವಲ್ಪದರಲ್ಲಿ ತಪ್ಪಿದ್ದರೆ ಇನ್ನೊಂದು ವರ್ಷ ಕೊಡಿ. ಅಂತರ ದೊಡ್ಡದಿದ್ದು, ‘ಮತ್ತೆ ಬರೆ’ ಎನ್ನುತ್ತಿರುವವರು ನೆಂಟರು ಮಾತ್ರವಾದರೆ ಬೇಡ. ನಿಮ್ಮ ಪತ್ರದಲ್ಲಿ ಹಟ ಹಿಡಿದವಳು ಮಗಳೇ, ಅದೂ ಇಮೇಜಿಂಗ್‌ಗಾಗಿ. ನಿರ್ಧರಿಸುವ ಮೊದಲು ಪರಿಚಯದವರ ಮೂಲಕ ಅನುಮತಿ ಪಡೆದು ಹತ್ತಿರದ ಆಸ್ಪತ್ರೆಯ ಎಕ್ಸ್‌ರೇ ವಿಭಾಗದ ನಿಯಂತ್ರಣ ಕೊಠಡಿಯಲ್ಲಿ, ಸೀಸದ ಗಾಜಿನ ಈಚೆ, ಅವಳು ಒಂದು ಬೆಳಗ್ಗೆ ಕುಳಿತು ನೋಡಲಿ. ನಿಮ್ಮ ಮೈದುನರನ್ನೂ ಜೊತೆಗೆ ಕರೆದೊಯ್ಯಿರಿ.